ಗುರುತಿಲ್ಲದ ಕ್ಯಾನು

2022ನೇ ಇಸವಿ. ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿದ್ದ ಒಂದು ಸಣ್ಣ ರಾಸಾಯನಿಕ ಕಂಪನಿಯಲ್ಲಿ ನಾನು ಪ್ರಾಡಕ್ಟ್ ಸೇಫ್ಟಿ ಆಫೀಸರ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು, ವಿಭಾಗದಲ್ಲಿದ್ದವಳು ನಾನೊಬ್ಬಳೇ. ಕಂಪನಿಯಿಂದ ಹೊರಗೆ ಹೋಗುವ ಪ್ರತಿ ಕ್ಯಾನಿನೊಳಗೆ ಏನಿದೆ, ಅದು ಮನುಷ್ಯರ ಕಣ್ಣಿಗೆ, ಚರ್ಮಕ್ಕೆ, ಉಸಿರಿಗೆ ಏನು ಮಾಡಬಲ್ಲದು, ಚೆಲ್ಲಿದರೆ ಏನು ಮಾಡಬೇಕು ಎಂದು ನಿರ್ಧರಿಸಿ ಬರೆಯುವುದು ನನ್ನ ಕೆಲಸ. ಹಾಗೆ ಬರೆದ ಹಾಳೆಗಳಿಗೆ ಸೇಫ್ಟಿ ಡೇಟಾ ಶೀಟ್ ಎನ್ನುತ್ತಾರೆ. ಕಂಪನಿಯ ಪ್ರತಿಯ ಕೊನೆಯಲ್ಲಿ ನನ್ನ ಸಹಿ ಇರುತ್ತಿತ್ತು.

ಆ ಸಹಿಯ ಬಗ್ಗೆ ನನಗೆ ಹೆಮ್ಮೆ ಇತ್ತು, ಈಗಲೂ ಇದೆ. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಬಾಪೂಜಿ ನಗರದ ಒಂದೇ ಕೋಣೆಯ ಮನೆಯಲ್ಲಿ ಅಮ್ಮ ಊದುಬತ್ತಿ ಹೊಸೆದು ನನ್ನನ್ನು ಎಂ.ಎಸ್ಸಿ. ಕೆಮಿಸ್ಟ್ರಿ ಓದಿಸಿದಳು. ಇದ್ದಿಲ ಪುಡಿ ಅವಳ ಅಂಗೈ ಗೆರೆಗಳಲ್ಲಿ ಕೂತು, ಭವಿಷ್ಯ ಹೇಳುವವನಿಗೆ ಓದಲು ಅನುಕೂಲ ಆಗಲಿ ಅಂತ ಬರೆದ ಹಾಗೆ ಕಾಣುತ್ತಿತ್ತು. ನನಗೆ ಕೆಲಸ ಸಿಕ್ಕ ಮೇಲೆ ಅವಳು ಹೊಸೆಯುವುದನ್ನು ಬಿಟ್ಟಳು. ಸ್ವಲ್ಪ ಕಾಲಕ್ಕೆ ಕೈ ಬೆಳ್ಳಗಾಯಿತು. ಕೆಲಸ ಕೈಗೆ ಅಂಟಿಸಿದ್ದನ್ನು ಕೆಲಸ ಬಿಟ್ಟರೆ ತೊಳೆದುಕೊಳ್ಳಬಹುದು ಎಂದು ನಾನು ನಂಬಿದ್ದು ಅವಳ ಕೈ ನೋಡಿಯೇ. ಆ ವರ್ಷ ಆ ನಂಬಿಕೆ ಹೋಯಿತು.

ನಮ್ಮ ಕಂಪನಿಯ ಮುಖ್ಯ ಸರಕು ಬಯೋಸೈಡ್. ಹಾಗೆಂದರೆ ಸೂಕ್ಷ್ಮಜೀವಿಗಳನ್ನು ಕೊಲ್ಲುವ ರಾಸಾಯನಿಕ. ಗೋಡೆಯ ಬಣ್ಣ ಡಬ್ಬಿಯಲ್ಲೇ ಕೊಳೆಯದಿರಲಿ, ಕೂಲಿಂಗ್ ಟವರಿನ ನೀರಿನಲ್ಲಿ ಪಾಚಿ ಕಟ್ಟದಿರಲಿ, ಶಾಂಪೂ ಬಾಟಲಿಯಲ್ಲಿ ಬೂಸ್ಟು ಬೆಳೆಯದಿರಲಿ ಎಂದು ಇದನ್ನು ಬಳಸುತ್ತಾರೆ. ನಾವು ಮಾರುತ್ತಿದ್ದುದು ಐಸೊಥಯಜೋಲಿನೋನ್ ಎಂಬ ಗುಂಪಿಗೆ ಸೇರಿದ್ದು. ನಾಲಿಗೆ ತಿರುಗುವ ಹೆಸರಲ್ಲ, ಹಾಗಾಗಿ ಮುಂದೆ ಬಯೋಸೈಡ್ ಎಂದೇ ಬರೆಯುತ್ತೇನೆ.

ಲೇತ್, ಮಿಲ್ಲಿಂಗ್ ಯಂತ್ರಗಳಿರುವ ಸಣ್ಣ ಮೆಷಿನ್ ಶಾಪುಗಳು ಇದರ ಗಿರಾಕಿಗಳು. ಲೋಹ ಕೊರೆಯುವಾಗ ಕಾವೇರದಂತೆ ಯಂತ್ರದ ಮೇಲೆ ಕೂಲೆಂಟ್ ಎಂಬ ದ್ರವ ಸುರಿಯುತ್ತಿರುತ್ತದೆ. ನೋಡಲು ನೀರು ಮಜ್ಜಿಗೆಯ ಹಾಗೆ ಬೆಳ್ಳಗಿರುತ್ತದೆ. ಭಾನುವಾರ ಯಂತ್ರ ನಿಂತರೆ ತೊಟ್ಟಿಯಲ್ಲಿ ನಿಂತ ಕೂಲೆಂಟಿನಲ್ಲಿ ಬ್ಯಾಕ್ಟೀರಿಯಾ ಬೆಳೆದು, ಸೋಮವಾರ ಬೆಳಿಗ್ಗೆ ಬಾಗಿಲು ತೆಗೆದರೆ ಮೋರಿಯ ವಾಸನೆ. ಆ ವಾಸನೆಗೆ ಮದ್ದು ನಮ್ಮ ಬಯೋಸೈಡ್.

ಈಗ ವರ್ಗೀಕರಣದ ವಿಷಯ. ಜಗತ್ತಿನ ಬಹುತೇಕ ದೇಶಗಳು ಒಪ್ಪಿಕೊಂಡ ಜಿಎಚ್‌ಎಸ್ ಎಂಬ ಪದ್ಧತಿ ಇದೆ. ರಾಸಾಯನಿಕದ ಅಪಾಯಗಳನ್ನು ವರ್ಗಗಳಾಗಿ ವಿಂಗಡಿಸಿ, ವರ್ಗಕ್ಕೆ ತಕ್ಕ ಚಿತ್ರವನ್ನು ಕೆಂಪು ಅಂಚಿನ ವಜ್ರಾಕೃತಿಯೊಳಗೆ ಕ್ಯಾನಿನ ಮೇಲೆ ಹಾಕಬೇಕು. ಕೈಯ ಮೇಲೆ ದ್ರವ ಬಿದ್ದು ಕೈ ಕರಗುವ ಚಿತ್ರ ಇದ್ದರೆ ಸುಡುತ್ತದೆ ಎಂದರ್ಥ. ಆಶ್ಚರ್ಯಸೂಚಕ ಚಿಹ್ನೆ ಇದ್ದರೆ ಚರ್ಮದ ಉರಿ, ಅಥವಾ ಚರ್ಮದ ಅಲರ್ಜಿ. ನಮ್ಮ ಹಳೆಯ ಬಯೋಸೈಡಿನಲ್ಲಿ ಸಕ್ರಿಯ ಅಂಶ ಶೇಕಡಾ 1.5. ಅದು ಚರ್ಮ ಸುಡುತ್ತದೆ, ಅಲರ್ಜಿಯನ್ನೂ ತರುತ್ತದೆ. ಕ್ಯಾನಿನ ಮೇಲೆ ಎರಡೂ ಚಿತ್ರಗಳಿದ್ದವು.

ಆ ಕೈಯ ಚಿತ್ರ ನೋಡಿ ಸಣ್ಣ ಗಿರಾಕಿಗಳು ಹಿಂಜರಿಯುತ್ತಿದ್ದರು. ನಮ್ಮ ಯಜಮಾನರು, ಅವರನ್ನು ಇಲ್ಲಿ ಶ್ರೀಕಂಠಯ್ಯ ಎಂದು ಕರೆಯುತ್ತೇನೆ, ಒಂದು ಉಪಾಯ ಹುಡುಕಿದರು. ಅದೇ ಬಯೋಸೈಡನ್ನು ಶೇಕಡಾ 0.05ಕ್ಕೆ ಇಳಿಸಿ, ಸೀದಾ ತೊಟ್ಟಿಗೆ ಸುರಿಯಬಹುದಾದ ತೆಳು ದ್ರಾವಣ ಮಾಡಿ, ‘ಸೌಮ್ಯ’ ಎಂದು ಹೆಸರಿಟ್ಟರು. ಶೇಕಡಾ 0.06ಕ್ಕಿಂತ ಕಡಿಮೆಯಾದರೆ ಈ ವಸ್ತುವಿಗೆ ಸುಡುವ, ಉರಿಸುವ ವರ್ಗ ಅನ್ವಯಿಸುವುದಿಲ್ಲ. ಅಲ್ಲಿಯವರೆಗೆ ಲೆಕ್ಕ ಸರಿ. ಮೀನು, ಪಾಚಿಗಳಿಗೆ ವಿಷ ಎಂಬ ಸಾಲನ್ನು ಡೇಟಾ ಶೀಟಿನಲ್ಲಿ ಬರೆಯಲೂ ಅವರ ತಕರಾರಿರಲಿಲ್ಲ. ನಮ್ಮ ಜಗಳವೆಲ್ಲ ಉಳಿದ ಒಂದೇ ವರ್ಗದ ಬಗ್ಗೆ, ಚರ್ಮದ ಅಲರ್ಜಿಯ ಬಗ್ಗೆ.

“ಅಲರ್ಜಿಗೆ ಸಾಮಾನ್ಯ ಮಿತಿ ಶೇಕಡಾ 0.1 ಅಂತ ಪುಸ್ತಕದಲ್ಲೇ ಇದೆಯಲ್ಲಮ್ಮ ಸುಜಾತಾ? ನಮ್ಮದು ಅದರಲ್ಲಿ ಅರ್ಧ,” ಎಂದರು.

“ಅದು ಸಾಮಾನ್ಯ ವಸ್ತುಗಳಿಗೆ ಸಾರ್. ಇದು ಅದಕ್ಕಿಂತ ಎಷ್ಟೋ ಕಡಿಮೆಗೇ ಅಲರ್ಜಿ ತರುತ್ತೆ ಅಂತ ಗೊತ್ತಾಗಿ ಯುರೋಪಿನಲ್ಲಿ ಬೇರೆ ಮಿತಿ ಇಟ್ಟಿದಾರೆ. 0.0015. ಹತ್ತು ಲಕ್ಷಕ್ಕೆ ಹದಿನೈದು ಭಾಗ. ನಮ್ಮದು ಅದರ ಮೂವತ್ತು ಪಟ್ಟಿಗೂ ಹೆಚ್ಚಾಗುತ್ತೆ.”

“ಯುರೋಪಿನವರಿಗೆ ಬಿಸಿಲು ಬಿದ್ರೂ ಅಲರ್ಜಿ. ನಮ್ಮ ಜನಕ್ಕೆ ಏನಾದ್ರೂ ಆಗಿದ್ರೆ ತೋರ್ಸು, ಚಿಹ್ನೆ ಹಾಕೋಣ.”

ನಮ್ಮ ದೇಶದಲ್ಲಿ ಆ ಪದ್ಧತಿ ಆಗಿನ್ನೂ ಪೂರ್ತಿ ಕಡ್ಡಾಯವಾಗಿರಲಿಲ್ಲ. ಗಿರಾಕಿ ಕೇಳಿದರೆ ಉಂಟು, ಕೇಳದಿದ್ದರೆ ಇಲ್ಲ. ನಾನು ಸಹಿ ಮಾಡಲಿಲ್ಲ, ಅವರು ಬಲವಂತ ಮಾಡಲೂ ಇಲ್ಲ. ಆದರೆ ಟ್ರಯಲ್ ಸ್ಯಾಂಪಲ್‌ಗೆ ಡೇಟಾ ಶೀಟ್ ಏಕೆ ಎಂದು ಸೇಲ್ಸ್‌ನವರು ಕೆಲವು ಕ್ಯಾನುಗಳನ್ನು ನಾಯಂಡಹಳ್ಳಿಯ ಒಂದು ಮೆಷಿನ್ ಶಾಪಿಗೆ ಕಳಿಸಿಬಿಟ್ಟಿದ್ದರು. ಕ್ಯಾನಿನ ಮೇಲೆ ಹೆಸರು, ಪಕ್ಕದಲ್ಲೊಂದು ಹಸಿರು ಎಲೆ. ಬೇರೆ ಯಾವ ಗುರುತೂ ಇರಲಿಲ್ಲ. ಸುದ್ದಿ ನನಗೆ ತಿಳಿದಾಗ ಟ್ರಯಲ್ ಶುರುವಾಗಿ ತಿಂಗಳಾಗಿತ್ತು. ನಮ್ಮವರಿಗೆ ಏನಾಗಿದೆ ಎಂದು ನಾನೇ ನೋಡಿ ಬರುತ್ತೇನೆ ಎಂದು, ಕೂಲೆಂಟ್ ಪರೀಕ್ಷಿಸುವ ನೆಪದಲ್ಲಿ ಸ್ಕೂಟರ್ ತೆಗೆದುಕೊಂಡು ಹೊರಟೆ.

ಶಾಪಿನ ಮಾಲೀಕ ರಾಮಣ್ಣ. ಒಂದು ಕಾಲಕ್ಕೆ ತಾನೇ ಲೇತ್ ಮೇಲೆ ನಿಂತವನು, ಈಗ ಆರು ಯಂತ್ರಗಳ ಒಡೆಯ. ನನ್ನನ್ನು ನೋಡಿ ಖುಷಿಯಾದ.

“ಮೇಡಂ, ನಿಮ್ ಔಷಧಿ ಸೂಪರ್. ಮೊದ್ಲು ಸೋಮವಾರ ಪೂಜೆ ಮಾಡಿದ್ರೆ ದೇವ್ರೇ ಮೂಗು ಮುಚ್ಕೊಳ್ಳೋನು. ಈಗ ನೋಡಿ, ಊದುಬತ್ತಿ ಹಚ್ಚಿದ್ರೆ ಊದುಬತ್ತಿ ವಾಸನೆ ಬರುತ್ತೆ.”

ಹಿಂಭಾಗದಲ್ಲಿ ಉದ್ದನೆಯ ಬೆಂಚು. ಯಂತ್ರದಿಂದ ಬಂದ ಬಿಡಿಭಾಗಗಳ ಚೂಪು ಅಂಚನ್ನು ಅರದಿಂದ ಉಜ್ಜಿ ತೆಗೆಯುವ ಕೆಲಸ ಅಲ್ಲಿ ನಡೆಯುತ್ತದೆ. ಮಾಡುವವರು ಹೆಂಗಸರು. ಬಿಡಿಭಾಗಗಳಿಂದ ಕೂಲೆಂಟ್ ತೊಟ್ಟಿಕ್ಕುತ್ತಿರುತ್ತದೆ, ಕೈ ದಿನವಿಡೀ ಒದ್ದೆ. ಕೊನೆಯಲ್ಲಿ ಕೂತಿದ್ದವಳ ಎರಡೂ ಕೈ ಮಣಿಕಟ್ಟಿನವರೆಗೆ ಹಳದಿಯಾಗಿತ್ತು. ನಾನು ನೋಡುತ್ತಿರುವುದನ್ನು ಕಂಡು ಪಕ್ಕದಲ್ಲಿದ್ದ ಜಯಮ್ಮ ನಕ್ಕಳು. ಜಯಮ್ಮ ನಮ್ಮ ಬಾಪೂಜಿ ನಗರದವಳೇ, ಬಾಯಿ ಜೋರು.

“ನೋಡಿ ಮೇಡಂ, ಗಂಗವ್ವ ದಿನಾ ಅರಿಶಿನ ಶಾಸ್ತ್ರ ಮಾಡ್ಕೊಂಡು ಬರ್ತಾಳೆ. ಮದುವಣಗಿತ್ತಿ.”

ಗಂಗವ್ವ ನಗಲಿಲ್ಲ. ಬಾಗಲಕೋಟೆ ಕಡೆಯವಳು, ಗಂಡನೊಂದಿಗೆ ನಾಯಂಡಹಳ್ಳಿಯ ಹಿಂದಿನ ಶೀಟ್ ಮನೆಯಲ್ಲಿದ್ದಳು. ಗಂಡ ಗಾರೆ ಕೆಲಸದವನು, ಕೆಲಸ ಇದ್ದರೆ ಇತ್ತು. ಮನೆ ನಡೆಯುತ್ತಿದ್ದುದು ಅವಳ ಈ ಬೆಂಚಿನಿಂದ. ಹತ್ತಿರ ಹೋಗಿ ನೋಡಿದೆ. ಅರಿಶಿನದ ಕೆಳಗೆ ಬೆರಳ ಸಂದಿಯಲ್ಲಿ ಸಣ್ಣ ಸಣ್ಣ ನೀರು ಗುಳ್ಳೆ, ಕೆಲವು ಒಡೆದು ಬಿರುಕು. ಏನಾಯಿತು ಎಂದು ಕೇಳಿದೆ.

“ನಾಗಪ್ಪಂದು ಕಾಟ ಐತಂತ್ರಿ. ನಮ್ಮತ್ತಿ ದೇವರ ಕೇಳಿಸ್ಯಾಳ. ಹೊಲದಾಗ ಹಾವಿಗೆ ನೇಗಿಲ ತಾಗಿತ್ತಂತ. ಪಂಚಮಿಗೆ ತವರಿಗೆ ಹೋಗಿ ಹುತ್ತಕ್ಕ ಹಾಲೆರದು ಬರ್ತೀನ್ರಿ. ಹೋಗ್ತೈತಿ.”

ಡಾಕ್ಟರಿಗೆ ತೋರಿಸು ಎಂದೆ. ತೋರಿಸಿದ್ದಳು. ಕಜ್ಜಿ ಎಂದು ಮುಲಾಮು ಕೊಟ್ಟಿದ್ದರು, ಕೇಳಿರಲಿಲ್ಲ. ಹೊರಡುವಾಗ ರಾಮಣ್ಣ ದನಿ ತಗ್ಗಿಸಿ ಹೇಳಿದ, “ಒಳ್ಳೆ ಕೆಲ್ಸದೋಳು ಮೇಡಂ. ಆದ್ರೆ ಅಂಟೋ ರೋಗ ಅಂತ ಉಳಿದೋರು ಅವ್ಳ ಲೋಟದ ಪಕ್ಕ ಲೋಟ ಇಡಲ್ಲ. ಹಬ್ಬ ಮುಗಿಸ್ಕೊಂಡು ಬರ್ಲಿ. ವಾಸಿ ಆಗ್ದಿದ್ರೆ ಇಟ್ಕೊಳಕ್ಕಾಗಲ್ಲ.”

ಸಂಶಯ ನನಗೆ ಆಗಲೇ ಇತ್ತು, ಆದರೆ ಲೆಕ್ಕ ಕೂಡುತ್ತಿರಲಿಲ್ಲ. ಒಂದು ತೊಟ್ಟಿಗೆ ಹಾಕುವ ‘ಸೌಮ್ಯ’ ಬಹಳ ಕಡಿಮೆ. ಕೂಲೆಂಟಿನಲ್ಲಿ ಬೆರೆತ ಮೇಲೆ ಅದು ಆ ಹದಿನೈದು ಭಾಗಕ್ಕಿಂತಲೂ ಕೆಳಗೆ ಇಳಿಯಬೇಕು. ಸ್ಯಾಂಪಲ್ ತಂದು ಪರೀಕ್ಷಿಸಿದಾಗಲೂ ಹಾಗೇ ಬಂತು. ಕೂಲೆಂಟಿನ ಎಣ್ಣೆಯೂ ಕೈ ಕೆಡಿಸುತ್ತದೆ, ಸೋಪೂ ಕೆಡಿಸುತ್ತದೆ, ಗಂಡನ ಬಟ್ಟೆಯ ಸಿಮೆಂಟೂ ಕೆಡಿಸುತ್ತದೆ. ಬರಿಯ ಸಂಶಯವನ್ನು ಯಜಮಾನರ ಮೇಜಿನ ಮೇಲೆ ಇಡಲಾಗದು.

ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ಪಂಚಮಿ ಎಂದರೆ ತವರು. ಅಣ್ಣ ಬಂದು ಕರೆದುಕೊಂಡು ಹೋಗಲೇಬೇಕು. ಗಂಗವ್ವ ಎರಡು ವಾರ ಊರಿನಲ್ಲಿದ್ದಳು. ಅವಳು ಮರಳಿದ ದಿನವೇ ಕಾಕತಾಳೀಯವಾಗಿ ನಾನು ಶಾಪಿಗೆ ಹೋಗಿದ್ದೆ. ಡಬ್ಬಿ ತುಂಬ ಶೇಂಗಾ ಉಂಡಿ, ಎಳ್ಳುಂಡಿ ತಂದಿದ್ದಳು. ಕೈ ಚಾಚಿ ಕೊಟ್ಟಳು. ಅಂಗೈ ತಿಳಿಯಾಗಿತ್ತು, ಬಿರುಕಿದ್ದ ಕಡೆ ಹೊಸ ಚರ್ಮ ಗುಲಾಬಿ ಬಣ್ಣಕ್ಕೆ ಹೊಳೆಯುತ್ತಿತ್ತು.

“ತೊಗೋರಿ ಅಕ್ಕಾರ, ಅಂಜಬ್ಯಾಡ್ರಿ. ನಾಗಪ್ಪ ಮಾಫ್ ಮಾಡ್ಯಾನ.”

ನಾನು ತಿಂದೆ. ಜಯಮ್ಮ ಒಂದು ತಿಂದು ಎರಡನ್ನು ಸೆರಗಿಗೆ ಕಟ್ಟಿಕೊಂಡಳು. “ನಮ್ಮ್ ನಾಗಪ್ಪ ಬರೀ ತನಿ ಎರೆಸ್ಕೊಂಡು ಸುಮ್ನಾಗ್ತಾನೆ. ನಿಮ್ಮೋನು ಉಂಡಿನೂ ಕಳಿಸ್ತಾನಲ್ಲೇ,” ಎಂದಳು. ಅಂದು ಗಂಗವ್ವನ ಲೋಟ ಉಳಿದವರ ಲೋಟಗಳ ನಡುವೆ ಇತ್ತು.

ಎಲ್ಲರಿಗೂ ಸಮಾಧಾನವಾದ ಆ ದಿನ ನನಗೆ ಮಾತ್ರ ಒಳಗೊಳಗೇ ಕಸಿವಿಸಿ. ಕೆಲಸದಿಂದ ಬರುವ ಚರ್ಮದ ತೊಂದರೆಯನ್ನು ಗುರುತಿಸುವ ಮೊದಲ ಪಾಠವೇ ಅದು: ರಜೆಯಲ್ಲಿ ವಾಸಿಯಾಗಿ, ಕೆಲಸಕ್ಕೆ ಬಂದ ಮೇಲೆ ಮರಳಿದರೆ, ಕೆಲಸದ ಜಾಗವನ್ನು ನೋಡು. ಹಾಲೆರೆದದ್ದೂ ನಿಜ, ಎರಡು ವಾರ ಬೆಂಚಿನಿಂದ ದೂರ ಇದ್ದದ್ದೂ ನಿಜ. ಅವಳ ದೇವರ ಜೊತೆ ನನಗೇನೂ ವಾದವಿರಲಿಲ್ಲ. ಕೈಯಲ್ಲಿ ಮತ್ತೆ ಏನಾದರೂ ಕಂಡರೆ ಫೋನ್ ಮಾಡಿ ಎಂದಷ್ಟೇ ರಾಮಣ್ಣನಿಗೆ ಹೇಳಿ ಬಂದೆ.

ವಾರ ಕಳೆಯುವುದರೊಳಗೆ ಫೋನ್ ಬಂತು. “ಮೇಡಂ, ನಾಗಪ್ಪ ವಾಪಸ್ ಬಂದವ್ನೆ.”

ಈ ಸಲ ನಾನು ಬೆಳಿಗ್ಗೆ ಹೋಗಲಿಲ್ಲ. ಹಿಂದಿನ ಎರಡು ಸಲವೂ ಕೆಲಸದ ಹೊತ್ತಿನಲ್ಲಿ ಹೋಗಿ ಕೆಲಸವನ್ನಷ್ಟೇ ನೋಡಿದ್ದೆ. ಮಧ್ಯಾಹ್ನದ ಮೇಲೆ ಹೋಗಿ, ಬೆಂಚಿನ ಬಳಿ ಸ್ಟೂಲ್ ಹಾಕಿಕೊಂಡು, ಅವರು ಮನೆಗೆ ಹೊರಡುವವರೆಗೂ ಕೂತೆ. ಗಂಗವ್ವನ ಕೈ ಮೊದಲಿಗಿಂತ ಕೆಟ್ಟಿತ್ತು. ಗುಳ್ಳೆ ಈಗ ಮೊಣಕೈಯತ್ತ ಹತ್ತಿತ್ತು. ಪಂಚಮಿಯ ದಿನ ಒಲೆಗೆ ಬಾಣಲೆ ಏರಿಸಬಾರದು, ಊರಿನಲ್ಲಿ ಮರೆತು ಒಗ್ಗರಣೆ ಹಾಕಿದ್ದಕ್ಕೆ ಹೀಗಾಯಿತು ಎಂದು ಅವಳ ಅತ್ತೆ ಫೋನಿನಲ್ಲಿ ಹೇಳಿದ್ದಳಂತೆ. ಜಯಮ್ಮ ಅಂದು ತಮಾಷೆ ಮಾಡಲಿಲ್ಲ.

ಸಂಜೆ ಯಂತ್ರಗಳು ನಿಂತವು. ಹೆಂಗಸರು ನಲ್ಲಿಯ ಬಳಿ ಸೇರಿದರು. ಬಕೆಟ್ಟಿಗೆ ನೀರು ಬಿಟ್ಟು, ಜಯಮ್ಮ ಮೂಲೆಯಲ್ಲಿದ್ದ ‘ಸೌಮ್ಯ’ ಕ್ಯಾನಿನ ಮುಚ್ಚಳ ತೆಗೆದು, ಮುಚ್ಚಳ ತುಂಬ ಬಗ್ಗಿಸಿ ಬಕೆಟ್ಟಿಗೆ ಹಾಕಿದಳು. ಒಬ್ಬೊಬ್ಬರಾಗಿ ಕೈ ಅದ್ದಿದರು. ನಾನು ಎದ್ದು ನಿಂತೆ.

“ಇದೇನು ಮಾಡ್ತಿದೀರಿ?”

“ಕೈ ವಾಸನೆಗೆ ಮೇಡಂ,” ಎಂದಳು ಜಯಮ್ಮ, ಅದರಲ್ಲಿ ಕೇಳುವುದೇನಿದೆ ಎನ್ನುವ ಹಾಗೆ. “ಈ ಕೂಲೆಂಟ್ ವಾಸನೆ ಯಾವ ಸೋಪಿಗೂ ಹೋಗಲ್ಲ. ಮನೆಗೆ ಹೋಗಿ ದೀಪ ಹಚ್ಬೇಕು, ಅಕ್ಕಿ ತೊಳೀಬೇಕು. ಈ ಕೈಲಿ ಹೆಂಗ್ ಮುಟ್ಟೋದು? ತೊಟ್ಟಿ ವಾಸನೆ ಹೋಗುತ್ತೆ ಅಂದ್ಮೇಲೆ ಕೈದೂ ಹೋಗುತ್ತೆ ಅಂತ ನೋಡಿದ್ವಿ. ಹೋಯ್ತು.”

ಗಂಗವ್ವ ಬಕೆಟ್ಟಿನ ಬಳಿ ಬಂದಿರಲಿಲ್ಲ. ಅಂಟು ರೋಗದವಳೆಂದು ತನ್ನ ಕೈ ಆ ನೀರಿಗೆ ಹಾಕಬಾರದೆಂಬ ಸಂಕೋಚ. ಅವಳು ಕ್ಯಾನನ್ನೇ ವಾಲಿಸಿ, ನೀರು ಬೆರೆಸದೆ, ಅಂಗೈಗೆ ಸುರಿದುಕೊಂಡಳು. ಉಜ್ಜಿ ಮೊಣಕೈವರೆಗೆ ಸವರಿಕೊಂಡಳು. ತೊಟ್ಟಿಯ ಹುಳ ಕೊಲ್ಲುವುದು ಗುಳ್ಳೆಯ ಹುಳವನ್ನೂ ಕೊಂದೀತು ಎಂದು, ಕೈ ಕೆಟ್ಟಷ್ಟೂ ಹೆಚ್ಚು ಹಚ್ಚುತ್ತಿದ್ದಳು.

ನಾನು ಕ್ಯಾನು ಕಿತ್ತುಕೊಂಡೆ. ನಲ್ಲಿಯ ಕೆಳಗೆ ಅವಳ ಕೈ ಹಿಡಿದು ಸೋಪಿನಲ್ಲಿ ತೊಳೆಸಿದೆ. ದನಿ ಏರಿತ್ತು ಎಂದು ಕಾಣುತ್ತದೆ, ಎಲ್ಲರೂ ಬಕೆಟ್ಟಿನಿಂದ ಕೈ ತೆಗೆದರು. ಇದನ್ನು ಕೈಗೆ ಹಾಕಬಾರದು ಅಂತ ಗೊತ್ತಾಗಲಿಲ್ಲವೇ ಎಂದು ಕೇಳಿದೆ. ಉತ್ತರ ಜಯಮ್ಮನಿಂದ ಬಂತು.

“ಹಳೇ ಕ್ಯಾನ್ ಮೇಲೆ ಕೈ ಸುಡೋ ಚಿತ್ರ ಇತ್ತಲ್ಲ ಮೇಡಂ, ಅದನ್ನ ನಾವು ಮುಟ್ತಾನೇ ಇರ್ಲಿಲ್ಲ. ರಾಮಣ್ಣನೇ ಅಪರೂಪಕ್ಕೆ ಗ್ಲೌಸ್ ಹಾಕ್ಕೊಂಡು ತೊಟ್ಟಿಗೆ ಹಾಕೋನು. ಇದ್ರ ಮೇಲೆ ಏನಿದೆ? ಎಲೆ ಇದೆ.”

ಸರಕಿನಿಂದ ಸುಡುವ ಗುಣ ತೆಗೆದಿದ್ದೆವು. ಹಚ್ಚಿದರೆ ಉರಿಯುತ್ತಿರಲಿಲ್ಲ, ವಾಸನೆಯೂ ಇರಲಿಲ್ಲ. ಅದಕ್ಕೇ ಅವರು ಅದನ್ನು ನಂಬಿದರು. ಉರಿ ಎನ್ನುವುದು ಜಗಳದ ಹಾಗೆ, ಅಲ್ಲೇ ಗೊತ್ತಾಗುತ್ತದೆ, ದೂರ ಸರಿದರೆ ಮುಗಿಯುತ್ತದೆ. ಅಲರ್ಜಿ ಎನ್ನುವುದು ಹಗೆ. ಮೊದಮೊದಲ ಸ್ಪರ್ಶಗಳಲ್ಲಿ ಏನೂ ಕಾಣುವುದಿಲ್ಲ. ದೇಹ ಸದ್ದಿಲ್ಲದೆ ಆ ವಸ್ತುವಿನ ಗುರುತು ಹಿಡಿದಿಟ್ಟುಕೊಳ್ಳುತ್ತದೆ. ಒಮ್ಮೆ ಹಿಡಿದ ಮೇಲೆ ತೀರ ಸ್ವಲ್ಪ ತಾಗಿದರೂ ಕೆರಳುತ್ತದೆ, ಆಯುಷ್ಯವಿಡೀ ಮರೆಯುವುದಿಲ್ಲ. ತೊಟ್ಟಿಯ ನೀರಿನಲ್ಲಿ ನಾನು ಹುಡುಕಿದ ಲೆಕ್ಕ ಕೂಡದಿದ್ದುದು ಇದಕ್ಕೇ. ತೊಟ್ಟಿಗೆ ಬೆರೆಯುವ ಮೊದಲಿನ ದ್ರಾವಣ ಅವಳ ಅಂಗೈಯಲ್ಲಿತ್ತು.

ಮರುದಿನ ಯಜಮಾನರ ಕೋಣೆಗೆ ಹೋದೆ. ಎಲ್ಲ ಕೇಳಿ ಅವರು ಕನ್ನಡಕ ತೆಗೆದಿಟ್ಟರು. ಶ್ರೀಕಂಠಯ್ಯನವರು ಕೆಟ್ಟವರಲ್ಲ. ಆದರೆ ಸರಕು ಅವರ ಕೂಸು.

“ಅದು ಮಿಸ್‌ಯೂಸ್ ಅಮ್ಮ. ಕೈ ತೊಳ್ಕೊಳಿ ಅಂತ ನಾವು ಬರೆದಿದ್ವಾ?”

“ತೊಳ್ಕೋಬೇಡಿ ಅಂತಾನೂ ಬರೆದಿರಲಿಲ್ಲ ಸಾರ್.”

ಅವರು ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು. “ಸಿಮೆಂಟ್ ಇರ್ಬಹುದು, ಸೋಪ್ ಇರ್ಬಹುದು. ನಮ್ಮದರಿಂದಲೇ ಅಂತ ಏನು ಗ್ಯಾರಂಟಿ? ನಿಮ್ಮ ಮನೇಲಿ ಊದುಬತ್ತಿ ಹೊಸೆದೋರು, ಕೈ ಅಂದ್ರೆ ನಿನಗೆ ಕರುಳು ಚುರ್ ಅನ್ನುತ್ತೆ. ಅದು ನನಗೆ ಅರ್ಥ ಆಗುತ್ತೆ. ಆದ್ರೆ ವರ್ಗೀಕರಣ ಕರುಳಿಂದ ಮಾಡಕ್ಕಾಗಲ್ಲ.”

ಮಾತು ಚುಚ್ಚಿತು. ಆದರೂ ಕೊನೆಯ ವಾಕ್ಯ ಸರಿಯೇ ಇತ್ತು. ಎಲ್ಲ ಟ್ರಯಲ್ ಕ್ಯಾನುಗಳನ್ನೂ ಅಂದೇ ವಾಪಸ್ ತರಿಸಬೇಕೆಂದೆ, ಒಪ್ಪಿದರು. ಗ್ಯಾರಂಟಿ ತರುತ್ತೇನೆ ಎಂದು ಹೊರಗೆ ಬಂದೆ.

ಗ್ಯಾರಂಟಿ ತರುವ ದಾರಿ ಪ್ಯಾಚ್ ಟೆಸ್ಟ್. ಸಂಶಯವಿರುವ ವಸ್ತುಗಳನ್ನು ತೀರ ತೆಳುವಾಗಿ ಹಣೆಬೊಟ್ಟಿನಂಥ ಸಣ್ಣ ಸಣ್ಣ ಅಂಟು ಬಟ್ಟುಗಳಲ್ಲಿಟ್ಟು ಬೆನ್ನಿಗೆ ಅಂಟಿಸುತ್ತಾರೆ. ಎರಡು ದಿನ ಹಾಗೇ ಬಿಟ್ಟು ತೆಗೆದು ನೋಡುತ್ತಾರೆ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ. ಯಾವ ಬಟ್ಟಿನ ಕೆಳಗೆ ಚರ್ಮ ಕೆಂಪಾಗಿ ಉಬ್ಬಿದೆಯೋ ಅದಕ್ಕೆ ದೇಹದ ಹಗೆ. ಸರ್ಕಾರಿ ಆಸ್ಪತ್ರೆಯ ಚರ್ಮ ವಿಭಾಗದಲ್ಲಿ ಮಾಡುತ್ತಾರೆ. ಆದರೆ ಗಂಗವ್ವ ಒಪ್ಪಬೇಕಿತ್ತು. ಅವಳ ಭಯ ಬೇರೆ ಇತ್ತು.

“ನಂಗ ಕೆಲಸ ಬೇಕ್ರಿ ಅಕ್ಕಾರ. ಟೆಸ್ಟ್‌ನ್ಯಾಗ ಏನರೆ ಬಂತಂದ್ರ ರಾಮಣ್ಣಾರು ಹೊರಗ ಹಾಕ್ತಾರ.”

ರಾಮಣ್ಣನನ್ನು ಎದುರಿಗೇ ಕರೆದುಕೊಂಡು ಬಂದು ಕೇಳಿದೆ. ಅವನು ತಲೆ ಕೆರೆದುಕೊಂಡು ಹೇಳಿದ್ದು ಇಷ್ಟು: “ಅಂಟೋ ರೋಗ ಅಲ್ಲ, ಕೆಮಿಕಲ್‌ದು ಅಂತ ಡಾಕ್ಟ್ರು ಹೇಳ್ಲಿ ಮೇಡಂ, ಪ್ಯಾಕಿಂಗ್‌ಗೆ ಹಾಕ್ತೀನಿ. ಅಲ್ಲಿ ಒದ್ದೆ ಇಲ್ಲ. ರೋಗ ಅಂದ್ರೆ ನಾನೇನು ಮಾಡ್ಲಿ, ಉಳಿದೋರು ಬಿಟ್ಟು ಹೋಗ್ತಾರೆ.”

ಅಲ್ಲಿಗೆ ವಿಷಯ ನನಗೆ ಸ್ಪಷ್ಟವಾಯಿತು. ನಾನು ಕ್ಯಾನಿನ ಮೇಲೆ ಬರೆಯದೆ ಬಿಟ್ಟ ಮಾತು ಗಾಳಿಯಲ್ಲಿ ಮಾಯವಾಗುವುದಿಲ್ಲ. ಅದು ಅವಳ ಮೈಮೇಲೆ ಬೇರೆ ಹೆಸರಿನಲ್ಲಿ ಬರೆಯಲ್ಪಡುತ್ತದೆ. ಅಂಟು ರೋಗ, ಶಾಪ, ಒಗ್ಗರಣೆಯ ತಪ್ಪು. ಅಪಾಯ ಕ್ಯಾನಿನದ್ದು ಎಂದು ಯಾರೂ ಹೇಳದಿದ್ದರೆ ದೋಷ ಕೈಯದ್ದಾಗುತ್ತದೆ.

ಪ್ಯಾಚ್ ಟೆಸ್ಟ್ ನಡೆಯಿತು. ಬೆನ್ನು ಒದ್ದೆ ಮಾಡುವಂತಿಲ್ಲ ಎಂದದ್ದಕ್ಕೆ ಗಂಗವ್ವ ಆ ದಿನಗಳಲ್ಲಿ ನೆಟ್ಟಗೆ ಕೂತೇ ಇದ್ದಳು ಎಂದು ಜಯಮ್ಮ ಆಮೇಲೆ ಹೇಳಿದಳು. ಕೊನೆಯ ದಿನ ಚರ್ಮದ ಡಾಕ್ಟರು ನನ್ನನ್ನು ಒಳಗೆ ಕರೆದು ತೋರಿಸಿದರು. ಸಿಮೆಂಟಿನಲ್ಲಿರುವ ಕ್ರೋಮಿಯಂನ ಬಟ್ಟಿನ ಕೆಳಗೆ ಏನೂ ಇಲ್ಲ. ಸೋಪಿನ ಸುಗಂಧದ ಕೆಳಗೆ ಏನೂ ಇಲ್ಲ. ನಮ್ಮ ಬಯೋಸೈಡಿನ ಬಟ್ಟು ಇದ್ದ ಕಡೆ ಒಂದು ರೂಪಾಯಿ ಅಗಲ ಕೆಂಪಗೆ ಉಬ್ಬಿ, ಅದರೊಳಗೆ ಅದೇ ಸಣ್ಣ ಗುಳ್ಳೆಗಳು.

“ಇನ್ನು ಇದರಲ್ಲಿ ಅನುಮಾನ ಇಲ್ಲ,” ಎಂದರು ಡಾಕ್ಟರು.

ನಾನು ಹುಡುಕುತ್ತಿದ್ದ ಪುರಾವೆ ಅದೇ. ಅವಳ ಬೆನ್ನ ಮೇಲೆ ಅದನ್ನು ನೋಡಿದಾಗ ನನಗೆ ಗೆದ್ದೆ ಎನಿಸಲಿಲ್ಲ.

ಹೊರಗೆ ಕಲ್ಲು ಬೆಂಚಿನ ಮೇಲೆ ಇಬ್ಬರೂ ಕೂತೆವು. ಇದು ಅಂಟುವುದಿಲ್ಲ, ರೋಗವಲ್ಲ, ಆ ಕ್ಯಾನಿನ ನೀರಿನಿಂದ ಬಂದದ್ದು ಎಂದು ಹೇಳಿದೆ. ಗಂಗವ್ವ ಮೊದಲ ಸಲ ನನ್ನ ಮುಖ ನೋಡಿ ನಕ್ಕಳು. ಕೆಲಸ ಉಳಿಯಿತು ಎಂಬ ನಗೆ ಅದು. ಆಮೇಲೆ ಕೇಳಿದಳು.

“ಮತ್ತ ಪೂರಾ ಯಾವಾಗ ಹೋಗ್ತೈತ್ರಿ ಇದು?”

ಇದ್ದದ್ದನ್ನೇ ಹೇಳಿದೆ.

“ಕೈ ವಾಸಿ ಆಗುತ್ತೆ ಗಂಗವ್ವ. ಆದ್ರೆ ಅಲರ್ಜಿ ಹೋಗಲ್ಲ. ಆ ವಸ್ತು ಎಲ್ಲಿ ತಾಗಿದ್ರೂ ಮತ್ತೆ ಬರುತ್ತೆ. ಬಣ್ಣದಲ್ಲಿರುತ್ತೆ, ಕೆಲವು ಶಾಂಪೂಲಿರುತ್ತೆ, ಪಾತ್ರೆ ತೊಳೆಯೋ ನೀರು ಸೋಪಲ್ಲಿರುತ್ತೆ. ಇನ್ಮೇಲೆ ನೋಡ್ಕೊಂಡೇ ಮುಟ್ಟಬೇಕು. ಯಾವಾಗ್ಲೂ.”

ಅವಳು ಕೈಗಳನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡು ನೋಡಿದಳು.

“ನಾಗಪ್ಪನ ಸಿಟ್ಟಾದ್ರ ಹಾಲೆರದ್ರ ಇಳೀತೈತ್ರಿ,” ಎಂದಳು. “ನಿಮ್ಮ ಕ್ಯಾನಿನ ಸಿಟ್ಟು ಏನ್ ಎರದ್ರ ಇಳೀತೈತಿ?”

“ಇಳಿಯಲ್ಲ ಗಂಗವ್ವ.”

“ಹಂಗಾರ ನಾಗಪ್ಪನಽ ಛಲೋ ಇದ್ದ,” ಎಂದು ಎದ್ದು ನಿಂತಳು. ಕೋಪ ಇರಲಿಲ್ಲ. ಎರಡು ಅಂಗಡಿಯ ಸಾಮಾನು ಹೋಲಿಸಿ ನೋಡಿದವಳ ಮಾತಿನಂತೆ ಇತ್ತು.

ಡಾಕ್ಟರ ವರದಿಯನ್ನು ಮೇಜಿನ ಮೇಲಿಟ್ಟಾಗ ಶ್ರೀಕಂಠಯ್ಯನವರು ಎರಡು ಸಲ ಓದಿದರು. ವಾದ ಮಾಡಲಿಲ್ಲ. “ಎಲೆ ತೆಗೆಸು. ಚಿಹ್ನೆ ದೊಡ್ಡದಾಗಿ ಹಾಕಿಸು. ಅವಳ ಚಿಕಿತ್ಸೆ ನಾವು ನೋಡ್ಕೊಳೋಣ,” ಎಂದರು. ನಾನು ‘ಸೌಮ್ಯ’ವನ್ನು ಚರ್ಮದ ಅಲರ್ಜಿಯ ಅತಿ ಪ್ರಬಲ ಉಪವರ್ಗ 1ಎ ಎಂದು ವರ್ಗೀಕರಿಸಿದೆ. ಕೆಂಪು ವಜ್ರದೊಳಗೆ ಆಶ್ಚರ್ಯಸೂಚಕ ಚಿಹ್ನೆ ಬಂತು. ಅದರ ಕೆಳಗೆ ಇಂಗ್ಲಿಷಿನಲ್ಲಿ ಇರುವ ವಿಧಿಬದ್ಧ ವಾಕ್ಯದ ಜೊತೆ, ಯಾವ ಪುಸ್ತಕದಲ್ಲೂ ಇಲ್ಲದ ಒಂದು ಸಾಲನ್ನು ದಪ್ಪ ಕನ್ನಡದಲ್ಲಿ ಸೇರಿಸಿದೆ: ಇದರಲ್ಲಿ ಕೈ ತೊಳೆಯಬೇಡಿ. ಉರಿಯದಿದ್ದರೂ ಅಪಾಯ. ಸೌಮ್ಯ ಎಂಬ ಹೆಸರನ್ನೂ ಬದಲಿಸಬೇಕೆಂದೆ. ಅದಕ್ಕೆ ಅವರು ಬಹಳ ದಿನ ಮುಖ ಸಿಂಡರಿಸಿ, ಕೊನೆಗೆ ಬರಿಯ ಸಂಖ್ಯೆ ಇಟ್ಟರು. ಕೆಲವು ಗಿರಾಕಿಗಳು ಬಿಟ್ಟು ಹೋದರು.

ರಾಮಣ್ಣನ ಶಾಪಿನಲ್ಲಿ ವಾಸನೆಗೆ ಬೇರೆ ದಾರಿ ಹುಡುಕಿದೆವು. ತೊಟ್ಟಿಯ ಮೇಲೆ ತೇಲುವ ಎಣ್ಣೆಯನ್ನು ಶನಿವಾರ ತೆಗೆದು, ಮೀನಿನ ತೊಟ್ಟಿಗೆ ಗಾಳಿ ಊದುವ ಸಣ್ಣ ಪಂಪನ್ನು ಭಾನುವಾರವಿಡೀ ಕೂಲೆಂಟಿನೊಳಗೆ ಬಿಟ್ಟರೆ ವಾಸನೆಯ ಬ್ಯಾಕ್ಟೀರಿಯಾ ಅಷ್ಟಾಗಿ ಬೆಳೆಯುವುದಿಲ್ಲ. ಬಯೋಸೈಡ್ ಬಹಳ ಕಡಿಮೆ ಸಾಕಾಯಿತು. “ಮೀನೊಂದು ಬಿಟ್ರೆ ಅಕ್ವೇರಿಯಂ ಆಗುತ್ತೆ,” ಎಂದು ಜಯಮ್ಮ ಅಂದಳಂತೆ. ತಿರುಗುವ ಯಂತ್ರದ ಬಳಿ ಗ್ಲೌಸ್ ಹಾಕುವುದು ಅಪಾಯ, ಎಳೆದುಕೊಳ್ಳುತ್ತದೆ. ಆದರೆ ಬೆಂಚಿನ ಹೆಂಗಸರಿಗೆ ಗ್ಲೌಸ್ ಬಂದವು. ಗಂಗವ್ವ ಪ್ಯಾಕಿಂಗಿಗೆ ಹೋದಳು. ಒಣಗಿದ ಬಿಡಿಭಾಗಗಳ ಮೇಲೂ ಕೂಲೆಂಟಿನ ಪಸೆ ಇರುತ್ತದೆ. ಆಗಾಗ ಬೆರಳು ಕೆರಳುತ್ತಿತ್ತು. ವರ್ಷದೊಳಗೆ ಅವಳೇ ಬಿಟ್ಟಳು.

ಬಿಡುವ ಮೊದಲು ಒಂದು ದಿನ ನನ್ನನ್ನು ಕೇಳಿದಳು, ಡಬ್ಬಿಗಳ ಮೇಲೆ ಅದು ಹೇಗೆ ಬರೆದಿರುತ್ತದೆ ಎಂದು. ಅವಳಿಗೆ ಕನ್ನಡ ಅಕ್ಷರ ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. ಉಳಿದಿದ್ದ ಹಳೆಯ ಎಲೆ ಗುರುತಿನ ಲೇಬಲಿನ ಹಿಂಬದಿಯಲ್ಲಿ ಆ ರಾಸಾಯನಿಕದ ಹೆಸರನ್ನು ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಟ್ಟೆ. ಅದನ್ನು ಮಡಚಿ ಕುಪ್ಪಸದೊಳಗೆ ಇಟ್ಟುಕೊಂಡಳು.

ಕಳೆದ ವರ್ಷ ಒಂದು ಭಾನುವಾರ, ವಿಜಯನಗರದ ಕಿರಾಣಿ ಅಂಗಡಿಯೊಂದರಲ್ಲಿ ನಾನು ಅಮ್ಮನೊಂದಿಗೆ ಸಾಮಾನು ಕೊಳ್ಳುತ್ತಿದ್ದೆ. ಪಾತ್ರೆ ತೊಳೆಯುವ ಸೋಪುಗಳ ಸಾಲಿನ ಮುಂದೆ ಒಬ್ಬಳು ನಿಂತಿದ್ದಳು. ಬಾಟಲಿ ತಿರುಗಿಸಿ, ಹಿಂದಿನ ಸಣ್ಣ ಅಕ್ಷರಗಳ ಮೇಲೆ ಉಗುರು ಎಳೆಯುತ್ತ, ತುಟಿ ಅಲ್ಲಾಡಿಸದೆ ನೋಡುತ್ತಿದ್ದಳು. ಲೇಬಲ್ ಬರೆಯುವ ನಾನು ಯಾರೂ ಲೇಬಲನ್ನು ಅಷ್ಟು ಹೊತ್ತು ಓದಿದ್ದನ್ನು ನೋಡಿರಲಿಲ್ಲ. ಗಂಗವ್ವ. ಕೈ ತಿಳಿಯಾಗಿತ್ತು. ಒಂದು ಹೊಲಿಗೆ ಅಂಗಡಿಯಲ್ಲಿದ್ದೇನೆ ಎಂದಳು. ಅಮ್ಮನಿಗೆ ನಮಸ್ಕಾರ ಹೇಳಿದಳು. ಆಮೇಲೆ ಕೈಯಲ್ಲಿದ್ದ ಬಾಟಲಿಯನ್ನು ನನಗೆ ತೋರಿಸಿ, ಉಗುರು ನಿಂತ ಜಾಗದಲ್ಲಿ ಹೆಸರು ಇರುವುದನ್ನು ನಾನೂ ನೋಡುವಂತೆ ಮಾಡಿ, “ಇದ್ರಾಗ ನಿಮ್ಮದೈತ್ರಿ ಅಕ್ಕಾರ,” ಎಂದಳು. ಬಾಟಲಿಯನ್ನು ಅದರ ಜಾಗಕ್ಕೇ ಇಟ್ಟು, ಕೆಳಗಿನ ಸಾಲಿನಿಂದ ಒಂದು ಬಿಲ್ಲೆ ಸೋಪು ತೆಗೆದು, ಅದರ ಹಿಂಬದಿಯನ್ನೂ ತಿರುಗಿಸಿದಳು.

ನಿಮ್ಮದು ಎಂದಳು. ಹಾಗೆ ಹೇಳುವ ಹಕ್ಕು ಅವಳಿಗಿದೆ. ಇಂದಿಗೂ ಒಂದು ಸರಕಿನ ವರ್ಗ ನಿರ್ಧರಿಸಿ ಸಹಿ ಹಾಕುವ ಮುಂಚೆ ನಾನು ಲೆಕ್ಕದ ಹಾಳೆ ಪಕ್ಕಕ್ಕಿಟ್ಟು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಯಂತ್ರ ನಿಂತ ಮೇಲೆ, ಮನೆಗೆ ಹೋಗಿ ದೀಪ ಹಚ್ಚಬೇಕಾದ ಹೆಂಗಸೊಬ್ಬಳು ನಲ್ಲಿಯ ಬಳಿ ಈ ಕ್ಯಾನನ್ನು ಎತ್ತಿದರೆ, ಅದು ಅವಳಿಗೆ ಏನು ಹೇಳುತ್ತದೆ? ಏನೂ ಹೇಳದಿದ್ದರೆ ನಾನು ಸಹಿ ಹಾಕುವುದಿಲ್ಲ.